ಆಟದೊಳಗೆ ಪಾಠ ತುರುಕುವ ಮೊದಲು

ಪುಟ್ಟ ಮಕ್ಕಳ ಶಾಲೆಗಳ ಕರಪತ್ರ ತೆಗೆದು ನೋಡಿ. ಒಂದು ಮಾತು ತಪ್ಪದೇ ಇರುತ್ತದೆ: ‘ಇಲ್ಲಿ ಆಟದ ಮೂಲಕ ಕಲಿಸುತ್ತೇವೆ.’ ಓದೋಕೆ ಚೆನ್ನಾಗಿದೆ. ಆದರೆ ತರಗತಿಯ ಒಳಗೆ ಹೋಗಿ ಕೂತರೆ ಬಹಳ ಕಡೆ ಕಾಣುವುದು ಬೇರೆಯೇ. ಟೀಚರ್ ಚೆಂಡು ಎಸೆಯುತ್ತಾರೆ. ಹಿಡಿದ ಮಗು ಒಂದು ಅಕ್ಷರ ಹೇಳಬೇಕು. ಹೇಳದಿದ್ದರೆ ಚೆಂಡು ಪಕ್ಕದ ಮಗುವಿಗೆ ಹೋಗುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಎರಡು ಸುತ್ತು ಆಗುವಷ್ಟರಲ್ಲಿ ಚೆಂಡು ತನ್ನ ಕಡೆ ಬರದಿರಲಿ ಅಂತ ಮೂರ್ನಾಲ್ಕು ಮಕ್ಕಳು ಹಿಂದೆ ಸರಿದಿರುತ್ತಾರೆ.

ಇದು ಪಾಠ. ಚೆಂಡು ಹಿಡಿದು ಬಂದಿದೆ ಅಷ್ಟೇ. ಪಾಠ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಪಾಠವನ್ನು ಮಕ್ಕಳು ಖುಷಿಯಿಂದಲೇ ಕೇಳುತ್ತಾರೆ. ಆದರೆ ಇದನ್ನೇ ಆಟದ ಲೆಕ್ಕಕ್ಕೆ ಬರೆದುಕೊಂಡು, ದಿನದಲ್ಲಿ ಮಕ್ಕಳಿಗೆ ‘ಬೇಕಾದಷ್ಟು ಆಟ’ ಸಿಕ್ಕಿತು ಅಂತ ಹೇಳಿದಾಗ ನನಗೆ ತಕರಾರು ಶುರುವಾಗುತ್ತದೆ. ಮೂರರಿಂದ ಆರು ವರ್ಷದ ಮಕ್ಕಳ ನಡುವೆ ಕೆಲವು ಕಾಲ ಕೆಲಸ ಮಾಡಿದವಳು ನಾನು. ಆಟದ ಬಗ್ಗೆ ನನಗಿರುವ ಅಭಿಪ್ರಾಯ ಬಹುಪಾಲು ಅಲ್ಲಿ ಮೂಲೆಯಲ್ಲಿ ಕೂತು ನೋಡಿದ್ದರಿಂದ ಬಂದಿದ್ದು. ಉಳಿದದ್ದು ಆಮೇಲೆ ಓದಿ ತಿಳಿದಿದ್ದು.

ಒಂದು ಬಸ್ಸಿನ ಕಥೆ ಹೇಳುತ್ತೇನೆ. ಐದಾರು ಮಕ್ಕಳು ಕುರ್ಚಿಗಳನ್ನು ಸಾಲಾಗಿ ಇಟ್ಟು ಬಸ್ ಮಾಡಿದ್ದರು. ಬಸ್ ಹೊರಡಲಿಲ್ಲ, ಯಾಕಂದರೆ ಡ್ರೈವರ್ ಇಬ್ಬರು. ‘ನಾನು ಮೊದಲು ಕೂತಿದ್ದು’ ಅಂತ ಒಬ್ಬ. ‘ಬಸ್ ಮಾಡೋಣ ಅಂತ ಹೇಳಿದ್ದೇ ನಾನು’ ಅಂತ ಇನ್ನೊಬ್ಬಳು. ಎರಡು ಸ್ಟೇರಿಂಗ್ ಇರಲಿ ಅಂತ ಒಂದು ಸಲಹೆ ಬಂತು. ಬಸ್ಸಿಗೆ ಹಾಗೆಲ್ಲ ಇರಲ್ಲ ಅಂತ ಅದು ತಳ್ಳಿಹೋಯಿತು. ಕೊನೆಗೆ ಆಸ್ಪತ್ರೆ ಸ್ಟಾಪಿನ ತನಕ ಅವನು, ಅಲ್ಲಿಂದ ಮುಂದೆ ಅವಳು ಅಂತ ಒಪ್ಪಂದವಾಯಿತು. ಆಸ್ಪತ್ರೆ ಎಲ್ಲಿದೆ ಅನ್ನೋದು ಮುಂದಿನ ಜಗಳ. ಪುಸ್ತಕದ ಕಪಾಟು ಆಸ್ಪತ್ರೆ ಆಯಿತು. ಕಂಡಕ್ಟರ್ ಹುಡುಗಿ ಕಾಗದ ಹರಿದು ಟಿಕೆಟ್ ಕೊಟ್ಟಳು. ಗೊಂಬೆಗಳಿಗೆ ಟಿಕೆಟ್ ಬೇಡ, ಆದರೆ ಸೀಟೂ ಇಲ್ಲ, ತೊಡೆ ಮೇಲೆ ಕೂರಿಸಿಕೊಳ್ಳಬೇಕು ಅಂತ ಕಾನೂನು ಮಾಡಿದಳು. ಕುರ್ಚಿ ಸಿಗದ ಒಬ್ಬ ಪುಟಾಣಿಗೆ ಲಗೇಜ್ ಪಾತ್ರ ಸಿಕ್ಕಿತು. ಅವನು ಖುಷಿಯಾಗಿಯೇ ಮುದುಡಿಕೊಂಡು ಕೂತ. ಅಷ್ಟರಲ್ಲಿ ಗಂಟೆ ಹೊಡೆಯಿತು. ಬಸ್ ಒಂದು ಅಡಿ ಕೂಡ ಮುಂದೆ ಹೋಗಲಿಲ್ಲ.

ಹೊರಗಿನಿಂದ ನೋಡಿದವರಿಗೆ ಇದು ಬರೀ ಗಲಾಟೆ. ಆದರೆ ಆ ಹೊತ್ತಿನಲ್ಲಿ ಆ ಮಕ್ಕಳು ಮಾಡಿದ್ದನ್ನು ಸ್ವಲ್ಪ ನೋಡಿ. ವಾದ ಮಂಡಿಸಿದರು. ಎದುರಿನವರ ವಾದ ಕೇಳಿ ಅದರಲ್ಲಿ ತೂತು ಹುಡುಕಿದರು. ಕಾಯುವುದಕ್ಕೆ ಒಪ್ಪಿದರು. ನಿಯಮ ಮಾಡಿದರು, ಅದಕ್ಕೊಂದು ವಿನಾಯಿತಿಯನ್ನೂ ಇಟ್ಟರು. ಕಾಗದದ ಚೂರು ಟಿಕೆಟ್ ಆಗಬಹುದು ಅಂತ ಎಲ್ಲರೂ ಒಟ್ಟಿಗೆ ನಂಬಿದರು. ಈ ಕೊನೆಯದು ಸಣ್ಣ ವಿಷಯ ಅಲ್ಲ. ಒಂದು ವಸ್ತು ಇನ್ನೊಂದನ್ನು ಸೂಚಿಸುತ್ತದೆ ಅನ್ನೋದು ಒಳಗೆ ಇಳಿಯದಿದ್ದರೆ ಮುಂದೆ ಅಕ್ಷರವೂ ಅಂಕಿಯೂ ಬರೀ ಗೀಟುಗಳು. ಇಷ್ಟನ್ನೂ ಒಂದು ಪೀರಿಯಡ್‌ನಲ್ಲಿ ಕಲಿಸಿಕೊಡಿ ಅಂದರೆ ನನಗಂತೂ ಆಗುತ್ತಿರಲಿಲ್ಲ.

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ 1933ರಲ್ಲಿ ಆಟದ ಬಗ್ಗೆ ಒಂದು ಉಪನ್ಯಾಸ ಕೊಟ್ಟಿದ್ದರು. ಅದರಲ್ಲಿ ಅವರು ಇಬ್ಬರು ಅಕ್ಕತಂಗಿಯರ ಉದಾಹರಣೆ ಕೊಡುತ್ತಾರೆ. ಆ ಇಬ್ಬರು ‘ಅಕ್ಕತಂಗಿ ಆಟ’ ಆಡುತ್ತಾರೆ. ಹೇಗಿದ್ದರೂ ಅವರು ಅಕ್ಕತಂಗಿಯರೇ ಅಲ್ವಾ? ಆದರೂ ಆಟ ಶುರುವಾದ ತಕ್ಷಣ ನಡವಳಿಕೆ ಬದಲಾಗುತ್ತದೆ. ಕೈಕೈ ಹಿಡಿದುಕೊಳ್ಳುತ್ತಾರೆ, ಒಂದೇ ಥರ ಬಟ್ಟೆ ಹಾಕಿಕೊಳ್ಳುತ್ತಾರೆ, ಒಂದೇ ಥರ ಮಾತಾಡುತ್ತಾರೆ. ಅಕ್ಕ ಅಂದರೆ ಹೇಗಿರಬೇಕು ಅನ್ನೋ ನಿಯಮವನ್ನು ದಿನನಿತ್ಯ ಯಾರೂ ಗಮನಿಸುವುದಿಲ್ಲ. ಆಟದಲ್ಲಿ ಅದು ಮೇಲೆ ಬರುತ್ತದೆ. ವೈಗೋಟ್‌ಸ್ಕಿ ಹೇಳುವ ಮುಖ್ಯ ಮಾತು ಇದು: ಆಟ ಅಂದರೆ ಮಗು ಮನಸ್ಸಿಗೆ ಬಂದಂತೆ ಇರುವ ಹೊತ್ತು ಅಂತ ನಾವು ತಿಳಿದಿದ್ದೇವೆ, ನಿಜವಾಗಿ ಮಗು ತನ್ನನ್ನು ತಾನು ಅತಿ ಹೆಚ್ಚು ಬಿಗಿಹಿಡಿಯುವುದು ಆಟದಲ್ಲೇ. ರೋಗಿಯಾದವನು ಎದ್ದು ಓಡುವಂತಿಲ್ಲ. ಲಗೇಜ್ ಆದವನು ಮಾತಾಡುವಂತಿಲ್ಲ. ಓಡಬೇಕು ಅನ್ನೋ ಆಸೆ ಒಳಗೆ ಕುದಿಯುತ್ತಿದ್ದರೂ ಆಟ ಕೆಡಬಾರದು ಅಂತ ಮಗು ಸುಮ್ಮನೆ ಮಲಗಿರುತ್ತದೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಝಿನೈದಾ ಮನುಯ್ಲೆಂಕೊ ಎಂಬ ಸೋವಿಯತ್ ಸಂಶೋಧಕಿ ಚಿಕ್ಕ ಮಕ್ಕಳಿಗೆ ಅಲುಗಾಡದೆ ನಿಲ್ಲಲು ಹೇಳಿದರು. ಸುಮ್ಮನೆ ‘ನಿಲ್ಲು’ ಅಂದಾಗ ಬೇಗನೆ ಅಲುಗಾಡಿಬಿಟ್ಟರು. ‘ನೀನೀಗ ಕಾವಲುಗಾರ’ ಅಂತ ಪಾತ್ರ ಕೊಟ್ಟಾಗ ಅದೇ ವಯಸ್ಸಿನ ಮಕ್ಕಳು ತುಂಬಾ ಹೆಚ್ಚು ಹೊತ್ತು ನಿಂತರು. ಇದು ಪ್ರಕಟವಾಗಿದ್ದು 1948ರಲ್ಲಿ. ಬಹಳ ವರ್ಷಗಳ ನಂತರ, 2017ರಲ್ಲಿ, ರೇಚಲ್ ವೈಟ್ ಮತ್ತು ಜೊತೆಗಾರರು ಅಮೆರಿಕದಲ್ಲಿ ನಾಲ್ಕು ಮತ್ತು ಆರು ವರ್ಷದ ಮಕ್ಕಳಿಗೆ ಹತ್ತು ನಿಮಿಷದ ಒಂದು ಬೋರು ಹೊಡೆಸುವ ಕೆಲಸ ಕೊಟ್ಟರು. ಪಕ್ಕದಲ್ಲೇ ಟ್ಯಾಬ್ಲೆಟ್‌ನಲ್ಲಿ ಗೇಮ್ ಇಟ್ಟರು. ಬೇಕಾದಾಗ ಎದ್ದು ಹೋಗಿ ಆಡಬಹುದು. ಕೆಲವರಿಗೆ ‘ನಾನು ಕಷ್ಟಪಟ್ಟು ಕೆಲಸ ಮಾಡುತ್ತಿದ್ದೇನಾ?’ ಅಂತ ಆಗಾಗ ಕೇಳಿಕೊಳ್ಳಲು ಹೇಳಿದರು. ಇನ್ನು ಕೆಲವರಿಗೆ ಬ್ಯಾಟ್‌ಮ್ಯಾನ್‌ನಂಥ ವೇಷ ಕೊಟ್ಟು ‘ಬ್ಯಾಟ್‌ಮ್ಯಾನ್ ಕಷ್ಟಪಟ್ಟು ಕೆಲಸ ಮಾಡುತ್ತಿದ್ದಾನಾ?’ ಅಂತ ಕೇಳಿಕೊಳ್ಳಲು ಹೇಳಿದರು. ಹೆಚ್ಚು ಹೊತ್ತು ಕೆಲಸದಲ್ಲಿ ಕೂತವರು ಈ ವೇಷದವರೇ.

ಕ್ಲಾಸಿನಲ್ಲಿ ‘ಸುಮ್ನೆ ಕೂತ್ಕೋ’ ಅಂತ ದಿನಕ್ಕೆ ನೂರು ಸಲ ಹೇಳುವ ನಾವು ಇದನ್ನು ಯೋಚಿಸಬೇಕು. ಕೂರುವುದನ್ನು ಕಲಿಸುತ್ತೇವೆ ಅಂತ ಆಟದ ಸಮಯ ಕಡಿಮೆ ಮಾಡುತ್ತೇವೆ. ಕೂರುವ ಶಕ್ತಿ ಬೆಳೆಯುವುದು ಅಲ್ಲೇ.

ಹಾಗಾದರೆ ಕಲಿಸುವುದರಿಂದ ಏನಾಗುತ್ತದೆ? ಇದಕ್ಕೆ ಸಂಬಂಧಿಸಿದ ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಎಲಿಜಬೆತ್ ಬೊನಾವಿಟ್ಜ್ ಮತ್ತು ತಂಡದವರು 2011ರಲ್ಲಿ ಇದನ್ನು ಪ್ರಕಟಿಸಿದರು. ಪೈಪುಗಳನ್ನು ಜೋಡಿಸಿ ಅವರು ಒಂದು ಆಟಿಕೆ ಮಾಡಿದ್ದರು. ಅದರಲ್ಲಿ ನಾಲ್ಕು ಗುಟ್ಟುಗಳು. ಒಂದನ್ನು ಎಳೆದರೆ ಕೀಂ ಅನ್ನುತ್ತದೆ, ಇನ್ನೊಂದು ಕಡೆ ಬೆಳಕು, ಮತ್ತೊಂದು ಕಡೆ ಸಂಗೀತ, ಒಂದರೊಳಗೆ ಕನ್ನಡಿ. ಕೆಲವು ಮಕ್ಕಳಿಗೆ ದೊಡ್ಡವರು ಬಂದು ‘ನೋಡು, ಇದು ಹೀಗೆ ಕೆಲಸ ಮಾಡುತ್ತೆ’ ಅಂತ ಕೀಂ ಶಬ್ದ ಮಾಡಿ ತೋರಿಸಿದರು. ಬೇರೆ ಮಕ್ಕಳ ಮುಂದೆ ಆ ಶಬ್ದ ಅಕಸ್ಮಾತ್ ಬಂದ ಹಾಗೆ ಮಾಡಿದರು. ಆಮೇಲೆ ಆಟಿಕೆ ಮಕ್ಕಳ ಕೈಗೆ. ಪಾಠ ಕೇಳಿದ ಮಕ್ಕಳು ಶಬ್ದ ಮಾಡಿದರು, ಮತ್ತೆ ಶಬ್ದ ಮಾಡಿದರು, ಸಾಕು ಅಂತ ಕೆಳಗಿಟ್ಟರು. ಪಾಠ ಕೇಳದ ಮಕ್ಕಳು ತಿರುಗಿಸಿ ಮುರುಗಿಸಿ ಉಳಿದ ಗುಟ್ಟುಗಳನ್ನೂ ಹೆಚ್ಚಾಗಿ ಕಂಡುಹಿಡಿದರು.

ಪಾಠ ಕೇಳಿದ ಮಕ್ಕಳು ದಡ್ಡರಲ್ಲ. ಅವರ ತರ್ಕ ಸರಿಯಾಗಿಯೇ ಇದೆ. ಗೊತ್ತಿರುವ ದೊಡ್ಡವರು ಇಷ್ಟೇ ತೋರಿಸಿದರು ಅಂದಮೇಲೆ ಇದರಲ್ಲಿ ಇರುವುದು ಇಷ್ಟೇ ಇರಬೇಕು. ಕಲಿಸಿದ್ದು ಬೇಗ ತಲೆಗೆ ಹತ್ತುತ್ತದೆ, ಹುಡುಕುವ ಬಾಗಿಲು ಅಷ್ಟೇ ಬೇಗ ಮುಚ್ಚಿಕೊಳ್ಳುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ‘ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಿ’ ಅನ್ನೋ ತೀರ್ಮಾನಕ್ಕೆ ಬರಬಹುದು. ನನಗೂ ಮೊದಮೊದಲು ಅದೇ ಇಷ್ಟವಾದ ತೀರ್ಮಾನ. ಆದರೆ ವಿಷಯ ಅಷ್ಟು ಸಲೀಸಲ್ಲ. 2013ರಲ್ಲಿ ಕೆಲ್ಲಿ ಫಿಶರ್, ಕ್ಯಾಥಿ ಹಿರ್ಶ್-ಪಾಸೆಕ್ ಮತ್ತು ಜೊತೆಗಾರರು ನಾಲ್ಕೈದು ವರ್ಷದ ಮಕ್ಕಳಿಗೆ ಆಕಾರಗಳನ್ನು ಪರಿಚಯಿಸಿದರು. ಒಂದು ಗುಂಪಿಗೆ ದೊಡ್ಡವರು ‘ತ್ರಿಕೋನಕ್ಕೆ ಮೂರು ಮೂಲೆ, ಮೂರು ಬದಿ’ ಅಂತ ಹೇಳಿಕೊಟ್ಟರು. ಇನ್ನೊಂದು ಗುಂಪಿಗೆ ಅದೇ ಕಾರ್ಡುಗಳನ್ನು ಕೊಟ್ಟು ಏನು ಬೇಕೋ ಆಡಿ ಅಂದರು. ಮೂರನೆಯ ಗುಂಪಿನಲ್ಲಿ ದೊಡ್ಡವರು ಜೊತೆಗೆ ಕೂತರು. ಇವೆಲ್ಲ ತ್ರಿಕೋನಗಳು, ಇವುಗಳ ಗುಟ್ಟು ಏನಿರಬಹುದು, ಪತ್ತೆದಾರರ ಹಾಗೆ ಹುಡುಕೋಣ ಬಾ ಅಂತ ಕರೆದರು. ಹುಡುಕಿದ್ದು ಮಗು, ದಿಕ್ಕು ತೋರಿಸಿದ್ದು ದೊಡ್ಡವರು. ಆಮೇಲೆ ಉದ್ದಕ್ಕೆ ಎಳೆದ, ತಲೆಕೆಳಗಾದ, ಸೊಟ್ಟಗಿನ ತ್ರಿಕೋನಗಳನ್ನು ತೋರಿಸಿದಾಗ ಗುರುತು ಹಿಡಿದವರು ಹೆಚ್ಚಾಗಿ ಮೂರನೆಯ ಗುಂಪಿನವರು. ಪಾಠ ಕೇಳಿದವರಿಗೆ ಪುಸ್ತಕದ ನೆಟ್ಟಗಿನ ತ್ರಿಕೋನ ಮಾತ್ರ ತ್ರಿಕೋನ. ಸುಮ್ಮನೆ ಆಡಲು ಬಿಟ್ಟವರಿಗೆ ಆಕಾರದ ಬಗ್ಗೆ ಅಷ್ಟೇನೂ ತಿಳಿದಿರಲಿಲ್ಲ.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಇಂಥ 39 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎಳೆಯ ಮಕ್ಕಳ ಗಣಿತ, ಆಕಾರಗಳ ತಿಳಿವಳಿಕೆ, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸುವ ಶಕ್ತಿ, ಇವುಗಳಲ್ಲಿ ನೇರ ಪಾಠಕ್ಕಿಂತ ಈ ಜೊತೆಗೂಡಿದ ಆಟ ಮೇಲು ಅಂತ ಕಂಡಿತು. ಅಂದರೆ ತ್ರಿಕೋನ ಕಲಿಸಬೇಕಿದ್ದರೆ ಜೊತೆಗೆ ಕೂರಿ. ಬಸ್ ಓಡಿಸುವ ಜಗಳ ಕಲಿಯಬೇಕಿದ್ದರೆ ದೂರ ಇರಿ. ಎರಡಕ್ಕೂ ದಿನದಲ್ಲಿ ಜಾಗ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನೂ ಕೊಟ್ಟೆವು ಅನ್ನಬಾರದು. ನನ್ನ ತಕರಾರು ಇಷ್ಟೇ.

ಈ ಗೊಂದಲ ಇವತ್ತಿನದಲ್ಲ ಅನ್ನೋದು ತಮಾಷೆ. ಫ್ರೆಡ್ರಿಕ್ ಫ್ರೋಬೆಲ್ ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ 1837ರಲ್ಲಿ ಪುಟ್ಟ ಮಕ್ಕಳ ಆಟದ ಶಾಲೆ ಶುರುಮಾಡಿದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರು ಬಂತು. ಆಟ ಎಳೆಯ ವಯಸ್ಸಿನ ಅತಿ ದೊಡ್ಡ ಕೆಲಸ ಅಂತ ಗಟ್ಟಿಯಾಗಿ ಹೇಳಿದವರು ಅವರು. ಉಣ್ಣೆಯ ಚೆಂಡು, ಮರದ ಗೋಳ, ಘನ, ಸಿಲಿಂಡರ್, ಚಿಕ್ಕ ಚಿಕ್ಕ ತುಂಡುಗಳಾಗುವ ಘನಗಳು, ಹೀಗೆ ಆಟದ ಸಾಮಾನುಗಳ ಒಂದು ಸರಣಿಯನ್ನೇ ಮಾಡಿದರು. ಆಗಿನ ಜರ್ಮನ್ ರಾಜ್ಯಗಳಲ್ಲೊಂದಾದ ಪ್ರಷ್ಯಾದ ಸರ್ಕಾರಕ್ಕೆ ಇದು ಅಪಾಯ ಅನ್ನಿಸಿ 1851ರಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಮಕ್ಕಳು ಮರದ ತುಂಡು ಜೋಡಿಸುವುದನ್ನು ಕಂಡು ಹೆದರಿದ ಸರ್ಕಾರ! ಮರು ವರ್ಷವೇ ಫ್ರೋಬೆಲ್ ತೀರಿಕೊಂಡರು. ನಿಷೇಧ ತೆರವಾಗಿದ್ದು 1860ರಲ್ಲಿ.

ನಿಷೇಧ ಹೋಯಿತು, ಫ್ರೋಬೆಲ್ ವಿಧಾನ ದೇಶದೇಶಕ್ಕೆ ಹರಡಿತು. ಆದರೆ ಹರಡಿದ ಹಾಗೆ ಗಟ್ಟಿಯಾಗುತ್ತ ಹೋಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಹಳ ಕಡೆ ಮಕ್ಕಳು ಸಾಲಾಗಿ ಕೂತು, ಟೀಚರ್ ಹೇಳಿದ ಘನವನ್ನು ಹೇಳಿದ ಕ್ರಮದಲ್ಲಿ ಹೇಳಿದ ಜಾಗದಲ್ಲಿ ಇಡುತ್ತಿದ್ದರು. ಆಟದ ಸಾಮಾನು ಹಾಗೇ ಇತ್ತು, ಆಟ ಹೋಗಿತ್ತು. ಅಮೆರಿಕದ ಶಿಕ್ಷಣ ಚಿಂತಕರಾದ ಜಾನ್ ಡ್ಯೂಯಿ, ಪ್ಯಾಟಿ ಸ್ಮಿತ್ ಹಿಲ್ ಅಂಥವರು ಇದನ್ನು ವಿರೋಧಿಸಿದರು. ಹಿಲ್ ಅವರು ಮಕ್ಕಳು ಒಳಗೆ ಹೊಕ್ಕು ಆಡಬಹುದಾದಷ್ಟು ದೊಡ್ಡ ಬ್ಲಾಕುಗಳನ್ನೇ ಮಾಡಿಸಿದರು. ಅಕ್ಷರದ ಚೆಂಡು ನೋಡಿದಾಗಲೆಲ್ಲ ನನಗೆ ಆ ಸಾಲುಸಾಲು ಮಕ್ಕಳು ನೆನಪಾಗುತ್ತಾರೆ.

ಇನ್ನು ಅಪ್ಪ ಅಮ್ಮಂದಿರ ಭಯ. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ‘ಪಕ್ಕದ ಮಗು ಆಗಲೇ ಓದುತ್ತೆ, ನಮ್ಮದು ಇನ್ನೂ ಮಣ್ಣಲ್ಲಿ ಆಡ್ತಾ ಇದೆ’ ಅನ್ನುವಾಗ ಆ ದನಿಯಲ್ಲಿ ನಿಜವಾದ ಆತಂಕ ಇರುತ್ತದೆ. ಮಗು ಮನೆಗೆ ಬರೆದ ಹಾಳೆ ತಂದರೆ ಕಲಿತದ್ದು ಕಣ್ಣಿಗೆ ಕಾಣುತ್ತದೆ. ಬಸ್ ಡ್ರೈವರ್ ಸರದಿ ಬಿಟ್ಟುಕೊಟ್ಟದ್ದನ್ನು ಯಾವ ಹಾಳೆಯಲ್ಲಿ ಕಳಿಸುವುದು? ಸೆಬಾಸ್ಟಿಯನ್ ಸುಗಾಟೆ ಮತ್ತು ಸಂಗಡಿಗರು ನ್ಯೂಜಿಲೆಂಡ್‌ನಲ್ಲಿ ಐದನೆಯ ವಯಸ್ಸಿಗೆ ಓದು ಶುರುಮಾಡಿದ ಮಕ್ಕಳನ್ನೂ ಏಳನೆಯ ವಯಸ್ಸಿಗೆ ಶುರುಮಾಡಿದ ಮಕ್ಕಳನ್ನೂ ಹೋಲಿಸಿದರು. ಹನ್ನೊಂದು ವರ್ಷದ ಹೊತ್ತಿಗೆ ಓದುವ ಸಾಮರ್ಥ್ಯದಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಓದಿದ್ದನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ತಡವಾಗಿ ಶುರುಮಾಡಿದವರೇ ಸ್ವಲ್ಪ ಮುಂದೆ. ಫಿನ್ಲೆಂಡ್‌ನಲ್ಲಿ ಶಾಲೆ ಶುರುವಾಗುವುದೇ ಏಳನೆಯ ವಯಸ್ಸಿಗೆ. ಹಾಗಂತ ಐದಕ್ಕೇ ತಾನಾಗಿ ಓದಲು ಆಸೆಪಡುವ ಮಗುವಿನ ಕೈಯಿಂದ ಪುಸ್ತಕ ಕಿತ್ತುಕೊಳ್ಳಬೇಕಿಲ್ಲ. ಅವಸರ ಬೇಡ ಅಷ್ಟೇ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಟದ ಪರವಾಗಿ ಮಾತಾಡುವವರು ಕೆಲವು ಸಲ ಜಾಸ್ತಿ ಹೇಳಿಬಿಡುತ್ತಾರೆ. ಆಡಿದರೆ ಬುದ್ಧಿ ಹೆಚ್ಚುತ್ತದೆ, ಸೃಜನಶೀಲತೆ ಹೆಚ್ಚುತ್ತದೆ, ಎಲ್ಲ ಹೆಚ್ಚುತ್ತದೆ. ಏಂಜಲೀನ್ ಲಿಲಾರ್ಡ್ ಮತ್ತು ತಂಡದವರು 2013ರಲ್ಲಿ ನಟನೆಯ ಆಟದ ಬಗ್ಗೆ ಇದ್ದ ಸಂಶೋಧನೆಗಳನ್ನೆಲ್ಲ ಕಠಿಣವಾಗಿ ಪರಿಶೀಲಿಸಿದರು. ಇಂಥ ಹಲವು ಮಾತುಗಳಿಗೆ ಗಟ್ಟಿ ಆಧಾರ ಇಲ್ಲ ಅಂದರು. ನನಗೆ ಇದರಿಂದ ಬೇಸರವಾಗಲಿಲ್ಲ, ಸಮಾಧಾನವೇ ಆಯಿತು. ಮಗು ಆಡುವುದಕ್ಕೆ ಅಂಕಪಟ್ಟಿಯ ಸಮರ್ಥನೆ ಯಾಕೆ ಬೇಕು? ಮಕ್ಕಳ ಹಕ್ಕುಗಳ ಕುರಿತ 1989ರ ವಿಶ್ವಸಂಸ್ಥೆಯ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿ, ಬಿಡುವು, ಆಟ ಮಗುವಿನ ಹಕ್ಕು ಅನ್ನುತ್ತದೆ. ಆಡಿದರೆ ಗಣಿತ ಬರುತ್ತದೆ ಅನ್ನೋ ಷರತ್ತನ್ನು ಅದು ಹಾಕುವುದಿಲ್ಲ.

ಚಿಕ್ಕವರ ಆಟ ವಯಸ್ಸಿನ ಜೊತೆ ರೂಪ ಬದಲಿಸುತ್ತದೆ. ಎರಡೂವರೆ ವರ್ಷದ ಮಗು ಬೇರೆ ಮಕ್ಕಳ ಪಕ್ಕದಲ್ಲಿ ಕೂತು ತನ್ನಷ್ಟಕ್ಕೆ ಆಡುತ್ತಿದ್ದರೆ ಯಾರ ಜೊತೆಗೂ ಸೇರಲ್ಲ ಅಂತ ಚಿಂತೆ ಮಾಡುವವರಿದ್ದಾರೆ. ಮಿಲ್ಡ್ರೆಡ್ ಪಾರ್ಟೆನ್ 1932ರಲ್ಲೇ ಈ ಪಕ್ಕಪಕ್ಕದ ಆಟವನ್ನು ಗುರುತಿಸಿ ಬರೆದಿದ್ದಾರೆ. ಕೂಡಿ ಆಡುವುದು, ಪಾತ್ರ ಹಂಚಿಕೊಳ್ಳುವುದು ಆಮೇಲೆ ಜಾಸ್ತಿಯಾಗುತ್ತದೆ. ಐದು ವರ್ಷದ ಮಗು ಕೂಡ ಕೆಲವು ಸಲ ಒಬ್ಬನೇ ಕೂತು ಏನೋ ಕಟ್ಟುತ್ತಿರುತ್ತಾನೆ. ಅದೂ ಸರಿಯೇ. ‘ಹೋಗು, ಎಲ್ಲರ ಜೊತೆ ಆಡು’ ಅಂತ ಎಬ್ಬಿಸುವ ಅಗತ್ಯವಿಲ್ಲ.

ಪ್ರೀಸ್ಕೂಲ್‌ನಲ್ಲಾದರೂ ಆಟಕ್ಕೆ ಬಾಯಿಮಾತಿನ ಮರ್ಯಾದೆ ಇದೆ. ದೊಡ್ಡ ಶಾಲೆಗೆ ಬಂದರೆ ಅದೂ ಇಲ್ಲ. ಹೋಂವರ್ಕ್ ಮಾಡಿಲ್ಲವಾ, ಬಿಡುವಿನಲ್ಲಿ ಹೊರಗೆ ಹೋಗಬೇಡ. ಗಲಾಟೆ ಮಾಡಿದೆಯಾ, ಬಿಡುವಿನಲ್ಲಿ ಒಳಗೇ ಕೂರು. ಪರೀಕ್ಷೆ ಹತ್ತಿರ ಬಂತಾ, ಆಟದ ಪೀರಿಯಡ್ ಗಣಿತಕ್ಕೆ. ಗಣಿತದ ಪೀರಿಯಡ್ಡನ್ನು ಆಟಕ್ಕೆ ಕೊಟ್ಟಿದ್ದನ್ನು ಯಾರಾದರೂ ನೋಡಿದ್ದೀರಾ? ಇಂಗ್ಲೆಂಡ್‌ನಲ್ಲಿ ಶಾಲೆಗಳ ಬಿಡುವಿನ ಲೆಕ್ಕವನ್ನು 1995ರಿಂದ ಆಗಾಗ ತೆಗೆದ ಸಂಶೋಧಕರಿದ್ದಾರೆ. ಅವರ 2019ರ ವರದಿಯ ಪ್ರಕಾರ ಐದರಿಂದ ಏಳು ವರ್ಷದ ಮಕ್ಕಳು ವಾರಕ್ಕೆ ಸುಮಾರು 45 ನಿಮಿಷದ ಬಿಡುವು ಕಳೆದುಕೊಂಡಿದ್ದಾರೆ. ಯಾರೂ ಒಂದು ದಿನ ಕೂತು ತೀರ್ಮಾನಿಸಿದ್ದಲ್ಲ. ಐದೈದು ನಿಮಿಷವಾಗಿ ಸವೆದಿದ್ದು.

ಶಿಕ್ಷೆಯಾಗಿ ಬಿಡುವು ಕಿತ್ತುಕೊಳ್ಳುವುದಂತೂ ನನಗೆ ಅರ್ಥವೇ ಆಗುವುದಿಲ್ಲ. ಕೂರಲಾಗದೆ ಒದ್ದಾಡುವ ಮಗುವಿಗೇ ಓಡುವ ಹೊತ್ತು ಎಲ್ಲರಿಗಿಂತ ಜಾಸ್ತಿ ಬೇಕು. ನಾವು ಮೊದಲು ಕಿತ್ತುಕೊಳ್ಳುವುದೂ ಅದರಿಂದಲೇ. ಆಂಥೊನಿ ಪೆಲೆಗ್ರಿನಿ ಮತ್ತು ಜೊತೆಗಾರರು ಪ್ರಾಥಮಿಕ ಶಾಲೆಗಳಲ್ಲಿ ಬಿಡುವಿನ ಸಮಯವನ್ನು ಹಿಂದೆಮುಂದೆ ಮಾಡಿ ನೋಡಿದಾಗ, ಹೆಚ್ಚು ಹೊತ್ತು ಕೂರಿಸಿದಷ್ಟೂ ಮಕ್ಕಳ ಗಮನ ಚದುರುವುದು, ಬಿಡುವಿನ ನಂತರ ಗಮನ ಮತ್ತೆ ಕೂಡಿಬರುವುದು ಕಂಡಿತು. ಅಮೆರಿಕದ ಮಕ್ಕಳ ವೈದ್ಯರ ಸಂಘ 2013ರಲ್ಲಿ ಒಂದು ಹೇಳಿಕೆ ಹೊರಡಿಸಿ, ಶಿಕ್ಷೆಗಾಗಲಿ ಪಾಠಕ್ಕಾಗಲಿ ಬಿಡುವನ್ನು ತಡೆಹಿಡಿಯಬಾರದು ಅಂತ ನೇರವಾಗಿಯೇ ಹೇಳಿತು. ಡಾಕ್ಟರುಗಳು ಹೇಳಬೇಕಾಯಿತು ನೋಡಿ.

ಬಿಡುವು ಕೊಟ್ಟ ಮೇಲೂ ನಮ್ಮ ಕೈ ಸುಮ್ಮನಿರುವುದಿಲ್ಲ. ಓಡಬೇಡ, ಹತ್ತಬೇಡ, ತಳ್ಳಬೇಡ, ಕೋಲು ಹಿಡಿಯಬೇಡ. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುತ್ತಿದ್ದರೆ ಸೀಟಿ ಊದುತ್ತೇವೆ. ಆಟದ ಕುಸ್ತಿಯನ್ನೂ ನಿಜವಾದ ಜಗಳವನ್ನೂ ಬೇರೆ ಮಾಡಿ ನೋಡುವುದು ಕಷ್ಟವೇನಲ್ಲ. ಆಟದಲ್ಲಿ ಮುಖದಲ್ಲಿ ನಗು ಇರುತ್ತದೆ, ಬಲ ಇದ್ದವನು ತಾನೇ ಆಗಾಗ ಕೆಳಗೆ ಬೀಳುತ್ತಾನೆ, ಮುಗಿದ ಮೇಲೆ ಇಬ್ಬರೂ ಒಟ್ಟಿಗೇ ಉಳಿಯುತ್ತಾರೆ. ಜಗಳವಾದರೆ ಮುಗಿದ ಕೂಡಲೇ ದೂರ ಸರಿಯುತ್ತಾರೆ. ಆಟದ ಕುಸ್ತಿ ಜಗಳಕ್ಕೆ ತಿರುಗುವುದು ಬಹಳ ಅಪರೂಪ. ಎಷ್ಟು ಸಲ ತಿರುಗುತ್ತದೆ ಅಂತ ಟೀಚರುಗಳನ್ನು ಕೇಳಿದರೆ ಮಾತ್ರ ನಿಜಕ್ಕಿಂತ ಬಹಳ ಹೆಚ್ಚು ಹೇಳುತ್ತಾರೆ ಅಂತ ಅಧ್ಯಯನಗಳು ತೋರಿಸಿವೆ. ಒಬ್ಬನೇ ಪದೇ ಪದೇ ಕೆಳಗೆ ಬೀಳುತ್ತಿದ್ದಾನೆ, ಅವನ ಮುಖದಲ್ಲಿ ನಗು ಇಲ್ಲ ಅಂದರೆ ಆಗ ಎದ್ದು ಹೋಗಬೇಕು. ಅಲ್ಲಿಯವರೆಗೆ ಕಣ್ಣಿಟ್ಟು ನೋಡಿದರೆ ಸಾಕು.

ನ್ಯೂಜಿಲೆಂಡ್‌ನಲ್ಲಿ ಇದನ್ನು ದೊಡ್ಡದಾಗಿಯೇ ಮಾಡಿ ನೋಡಿದರು. 16 ಪ್ರಾಥಮಿಕ ಶಾಲೆಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಶಾಲೆಗಳಲ್ಲಿ ಆಟದ ಬಯಲಿಗೆ ಸ್ವಲ್ಪ ಅಪಾಯ, ಸ್ವಲ್ಪ ಸವಾಲು ಸೇರಿಸಿದರು, ನಿಯಮ ಸಡಿಲಿಸಿದರು. 2017ರಲ್ಲಿ ಬಂದ ಫಲಿತಾಂಶದಲ್ಲಿ ಒಂದು ಸೊಗಸಾದ ವಿಷಯ ಇದೆ. ಆ ಶಾಲೆಗಳ ಮಕ್ಕಳು ತಳ್ಳಾಟ ನೂಕಾಟ ಜಾಸ್ತಿ ಆಗಿದೆ ಅಂದರು. ಆದರೆ ಟೀಚರ್ ಹತ್ತಿರ ದೂರು ಒಯ್ಯುವುದು ಕಡಿಮೆಯಾಗಿತ್ತು. ಶಾಲೆಯಲ್ಲಿ ಖುಷಿಯಾಗಿದ್ದೇವೆ, ಹೆಚ್ಚು ಮಕ್ಕಳ ಜೊತೆ ಆಡುತ್ತೇವೆ ಅನ್ನುವವರೂ ಜಾಸ್ತಿ ಇದ್ದರು. ತಳ್ಳಿಸಿಕೊಂಡದ್ದನ್ನೆಲ್ಲ ಅವರೇ ಅಲ್ಲಲ್ಲೇ ಬಗೆಹರಿಸಿಕೊಳ್ಳುತ್ತಿದ್ದರು ಅಂತ ನಾನು ಓದಿಕೊಳ್ಳುತ್ತೇನೆ.

ಅಪಾಯ ಅಂದರೆ ಕಣ್ಣಿಗೆ ಕಾಣದ ಗುಂಡಿ, ಮುರಿದ ಜಾರುಬಂಡೆ ಅಲ್ಲ. ಅವನ್ನು ದೊಡ್ಡವರು ಸರಿಮಾಡಲೇಬೇಕು. ಈ ಕೊಂಬೆಯ ತನಕ ಹತ್ತಬಲ್ಲೆನಾ ಅಂತ ಮಗು ತಾನೇ ಅಳೆದು ನೋಡುವ ಅಪಾಯ ಬೇರೆ. ಮೊದಲನೆಯದನ್ನು ತೆಗೆಯುವ ಭರದಲ್ಲಿ ಎರಡನೆಯದನ್ನೂ ಗುಡಿಸಿ ಹಾಕುತ್ತಿದ್ದೇವೆ.

ಆಟಕ್ಕೆ ದುಬಾರಿ ಸಾಮಾನು ಬೇಕು ಅನ್ನೋ ನಂಬಿಕೆಯ ಬಗ್ಗೆ ಸ್ವಲ್ಪ. ಡೆನ್ಮಾರ್ಕ್‌ನ ತೋಟ ವಿನ್ಯಾಸಗಾರ ಸಿ. ಟಿ. ಸೊರೆನ್‌ಸೆನ್ ಒಳ್ಳೊಳ್ಳೆಯ ಆಟದ ಬಯಲುಗಳನ್ನು ರೂಪಿಸಿದ್ದರು. ಮಕ್ಕಳು ಮಾತ್ರ ಕಟ್ಟಡ ಕೆಲಸ ನಡೆಯುವ ಜಾಗದಲ್ಲಿ ಬಿದ್ದಿರುವ ಹಲಗೆ, ಪೈಪು, ಇಟ್ಟಿಗೆ ಸಿಕ್ಕರೆ ಅಲ್ಲೇ ಖುಷಿಯಾಗಿ ಆಡುವುದನ್ನು ಅವರು ಗಮನಿಸಿದರು. 1943ರಲ್ಲಿ, ದೇಶ ಜರ್ಮನಿಯ ಸೇನೆಯ ಹಿಡಿತದಲ್ಲಿದ್ದಾಗಲೇ, ಕೋಪನ್‌ಹೇಗನ್‌ನ ಎಮ್‌ಡ್ರುಪ್‌ನಲ್ಲಿ ಹಳೇ ಸಾಮಾನುಗಳ ಆಟದ ಬಯಲು ತೆರೆಯಿತು. ಮಕ್ಕಳು ಕಟ್ಟಿದರು, ಕೆಡವಿದರು, ಅಗೆದರು. ನೋಡಲು ಅದು ಚೆಂದ ಇರಲಿಲ್ಲ. ಯುದ್ಧದ ನಂತರ ಬ್ರಿಟನ್‌ನ ಲೇಡಿ ಅಲೆನ್ ಅದನ್ನು ನೋಡಿ ಹೋಗಿ ತಮ್ಮ ದೇಶದಲ್ಲೂ ಅಂಥವುಗಳಿಗಾಗಿ ಓಡಾಡಿದರು. ಬಾಂಬು ಬಿದ್ದು ಖಾಲಿಯಾದ ನಿವೇಶನಗಳು ಆಟದ ಬಯಲಾದವು. 1970ರ ದಶಕದ ಆರಂಭದಲ್ಲಿ ಕಲಾವಿದ ಸೈಮನ್ ನಿಕಲ್ಸನ್ ಇದನ್ನೇ ಒಂದು ವಾದವಾಗಿ ಮಂಡಿಸಿದರು. ಒಂದು ಜಾಗದಲ್ಲಿ ಎತ್ತಿ ಸರಿಸಬಹುದಾದ, ಬದಲಿಸಬಹುದಾದ ಬಿಡಿ ವಸ್ತುಗಳು ಎಷ್ಟಿವೆಯೋ ಅಷ್ಟು ಹೊಸತನ ಅಲ್ಲಿ ಹುಟ್ಟುತ್ತದೆ ಅಂದರು. ಜಾರುಬಂಡೆಯಲ್ಲಿ ಜಾರಬಹುದು. ರಟ್ಟಿನ ಡಬ್ಬ ಮನೆಯಾಗುತ್ತದೆ, ದೋಣಿಯಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಸೊಟ್ಟಗಾಗಿ ಟೋಪಿಯಾಗುತ್ತದೆ. ಗುಂಡಿ ಒತ್ತಿದರೆ ಹಾಡುವ ಆಟಿಕೆಯಲ್ಲಿ ಆಡುವುದು ಆಟಿಕೆ, ಮಗು ಪ್ರೇಕ್ಷಕ. ಮೊಬೈಲ್ ಬಗ್ಗೆ ಬೇರೆ ಹೇಳಬೇಕಿಲ್ಲ, ಅಲ್ಲಿ ಟಿಕೆಟ್ ದರದ ಬಗ್ಗೆ ಜಗಳ ಆಡಲು ಎದುರಿಗೆ ಯಾರೂ ಇಲ್ಲ.

ಹಾಗಾದರೆ ಟೀಚರ್ ಏನು ಮಾಡಬೇಕು? ಕೈಕಟ್ಟಿ ಕೂರುವುದು ಸುಲಭ ಅಂದುಕೊಂಡವರು ಅರ್ಧ ಗಂಟೆ ಕೂತು ನೋಡಲಿ. ಬಸ್ಸಿನ ಜಗಳ ಶುರುವಾದಾಗ ‘ಇಬ್ಬರೂ ಐದೈದು ನಿಮಿಷ ಓಡಿಸಿ’ ಅಂತ ಬಾಯಿಗೆ ಬಂದೇಬಿಡುತ್ತದೆ. ಅದನ್ನು ನುಂಗಬೇಕು. ಅದೇ ಹೊತ್ತಿಗೆ, ಯಾವಾಗಲೂ ಲಗೇಜ್ ಆಗುವ ಮಗು ಒಂದೇ ಆಗಿದೆಯಾ ಅಂತಲೂ ನೋಡುತ್ತಿರಬೇಕು. ಮಕ್ಕಳ ಆಟದಲ್ಲಿ ಯಜಮಾನಿಕೆ ಇರುತ್ತದೆ, ಹೊರಗಿಡುವುದು ಇರುತ್ತದೆ. ಆಟ ಅಂದರೆ ಎಲ್ಲ ಸಿಹಿ ಅಂತ ಬರೆಯುವವರು ಬಹುಶಃ ಮಕ್ಕಳ ನಡುವೆ ಹೆಚ್ಚು ಹೊತ್ತು ಕೂತಿರುವುದಿಲ್ಲ. ಒಂದೇ ಮಗು ಮತ್ತೆ ಮತ್ತೆ ಲಗೇಜ್ ಆದ ದಿನ ನಾನು ಒಬ್ಬ ಪ್ರಯಾಣಿಕಳಾಗಿ ಬಸ್ ಹತ್ತುತ್ತಿದ್ದೆ. ‘ಈ ಬಸ್ಸಿಗೆ ಟಿಕೆಟ್ ನೋಡೋ ಸಾಹೇಬರು ಇಲ್ವಾ?’ ಅಂತ ಕೇಳುತ್ತಿದ್ದೆ. ಹೊಸ ಪಾತ್ರ ಹುಟ್ಟುತ್ತಿತ್ತು, ಲಗೇಜ್ ಎದ್ದು ನಿಲ್ಲುತ್ತಿತ್ತು. ಕೆಲವು ಸಲ ‘ಸಾಹೇಬರು ರಜೆ’ ಅಂತ ಉತ್ತರ ಬರುತ್ತಿತ್ತು. ಆಗ ನಾನು ಇಳಿದು ಹೋಗಿ ಇನ್ನೊಂದು ದಾರಿ ಯೋಚಿಸಬೇಕಿತ್ತು.

ಈ ಕೆಲಸಕ್ಕೆ ವರದಿ ಬರೆಯುವುದು ಕಷ್ಟ. ಮೇಲಿನವರಿಗೆ ಬೇಕಾದದ್ದು ಟಿಕ್ ಹಾಕಿದ ಪಟ್ಟಿ. ಯಾವ ಮಗುವಿಗೆ ಎಷ್ಟು ಅಕ್ಷರ ಬಂತು ಅನ್ನೋದು ಪಟ್ಟಿಗೆ ಸಲೀಸಾಗಿ ಇಳಿಯುತ್ತದೆ. ಹಾಗಾಗಿ ಆಟವನ್ನು ನಂಬುವ ಟೀಚರ್ ಕೂಡ ತಿಂಗಳ ಕೊನೆಗೆ ಅಕ್ಷರದ ಚೆಂಡು ಎತ್ತಿಕೊಳ್ಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಪಟ್ಟಿ ಕೇಳುವವರು ಬದಲಾಗಬೇಕು.

ಮಗುವಿಗೆ ಪ್ರೀಸ್ಕೂಲ್ ಹುಡುಕುವ ಸ್ನೇಹಿತರು ಏನು ನೋಡಬೇಕು ಅಂತ ನನ್ನನ್ನು ಕೇಳುತ್ತಿರುತ್ತಾರೆ. ಗೋಡೆಯ ಚಿತ್ರ ನೋಡಬೇಡಿ ಅನ್ನುತ್ತೇನೆ. ಮಕ್ಕಳು ತಾವೇ ಶುರುಮಾಡಿದ ಆಟ ದಿನದಲ್ಲಿ ಒಂದೇ ಬಾರಿಗೆ ಎಷ್ಟು ಹೊತ್ತು ನಡೆಯುತ್ತದೆ ಅಂತ ಕೇಳಿ. ಹತ್ತು ನಿಮಿಷ ಅಂದರೆ ಆಗುವುದಿಲ್ಲ, ಅಷ್ಟು ಹೊತ್ತು ಡ್ರೈವರ್ ಯಾರು ಅನ್ನೋದಕ್ಕೇ ಬೇಕು. ಮುಕ್ಕಾಲು ಗಂಟೆಯಾದರೂ ಬೇಕು. ಅರ್ಧ ಕಟ್ಟಿದ ಆಟವನ್ನು ನಾಳೆಗೂ ಹಾಗೇ ಬಿಡಲು ಜಾಗ ಇದೆಯಾ ಅಂತಲೂ ಕೇಳಿ. ಇದೆ ಅಂದರೆ ಆ ಮೂಲೆ ತೋರಿಸಲು ಹೇಳಿ.